ಹೊಸ ಹಂಬಕರ್ ಹಾಕಿದ ಮೇಲೂ ಬೇಸ್ ಗಿಟಾರ್ ಗುಂಯ್ ಅನ್ನುತ್ತಿದ್ದರೆ

ಗಣೇಶನ ಹಬ್ಬಕ್ಕೆ ಒಂಬತ್ತು ದಿನ ಇತ್ತು. ನಮ್ಮ ಆರ್ಕೆಸ್ಟ್ರಾದ ಬೇಸ್ ಹುಡುಗ ಗಿಟಾರನ್ನು ಬೆನ್ನಿಗೇರಿಸಿಕೊಂಡು ಚಿಂತಾಮಣಿಯಿಂದ ಬೈಕಿನಲ್ಲಿ ಶಿಡ್ಲಘಟ್ಟಕ್ಕೆ ಬಂದ. ಬಾಗಿಲಲ್ಲೇ ಶುರು ಮಾಡಿದ: “ಅಣ್ಣಾ, ಹೊಸಾ ಪಿಕಪ್ ಹಾಕ್ದೆ. ಹಳೇದೇ ವಾಸಿ ಅನ್ನಿಸ್ಬಿಡ್ತು. ಗುಂಯ್ ಅಂತೈತೆ, ಬೇಸೇ ಇಲ್ಲ, ತಗಡು ಬಡ್ದಂಗೈತೆ.”

ಮೂರು ಸಲ ಬೆಸುಗೆ ಬಿಚ್ಚಿ ಮೂರು ಸಲ ಹಾಕಿದ್ದನಂತೆ. ಪಿಕಪ್ (ಸ್ಟ್ರಿಂಗಿನ ನಡುಕವನ್ನು ಕರೆಂಟಾಗಿ ಬದಲಿಸುವ ಭಾಗ) ಸತ್ತಿದೆ ಎಂದು ತೀರ್ಮಾನಿಸಿ, ವಾಪಸ್ ಕಳಿಸೋಣ ಅಂತ ಡಬ್ಬಿಯನ್ನೂ ತಂದಿದ್ದ. ಡಬ್ಬಿಯೊಳಗೆ ವೈರಿಂಗ್ ಚೀಟಿ ಇರಲಿಲ್ಲ. ಬಂದಾಗಲೂ ಇರಲಿಲ್ಲವಂತೆ. “ಮತ್ತೆ ಯಾವ್ ಬಣ್ಣ ಎಲ್ಲಿಗೆ ಅಂತ ಹೆಂಗ್ ಗೊತ್ತಾಯ್ತು?” ಅಂದೆ. ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಅದನ್ನು ಅಲ್ಲೇ ಗಮನಿಸಿ ನೋಡಿದ್ದರೆ ಒಂದೂವರೆ ಗಂಟೆ ಉಳಿಯುತ್ತಿತ್ತು. ನಾನು ನೋಡಲಿಲ್ಲ. ಬೆಸುಗೆಯನ್ನೇ ಅನುಮಾನಿಸಿ ಕೂತೆ. ನಾನು ಸುತ್ತಿದ ದಾರಿಯನ್ನು ನೀವು ಸುತ್ತಬೇಡಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಹಂಬಕರ್ ಎಂದರೆ ಎರಡು ಕಾಯಿಲ್ (ತಂತಿಯ ಸುರುಳಿ) ಇರುವ ಪಿಕಪ್. ಟ್ಯೂಬ್‌ಲೈಟ್, ಟ್ರಾನ್ಸ್‌ಫಾರ್ಮರ್, ಗೋಡೆಯೊಳಗಿನ ವೈರು, ಎಲ್ಲದರಿಂದಲೂ ನಮ್ಮ 50 ಹರ್ಟ್ಸ್ ಕರೆಂಟಿನ ಗುಂಯ್ ಗಾಳಿಯಲ್ಲಿ ಹರಡಿಕೊಂಡಿರುತ್ತದೆ. ಕಾಯಿಲ್ ಒಂದೇ ಇದ್ದರೆ ಅದು ಗುಂಯ್ ಅನ್ನು ಹಿಡಿದು ಆಂಪ್‌ಗೆ ಕೊಡುತ್ತದೆ. ಎರಡನೇ ಕಾಯಿಲನ್ನು ತಿರುಗುಮುರುಗಾಗಿ ಜೋಡಿಸಿದರೆ ಎರಡೂ ಹಿಡಿದ ಗುಂಯ್ ಒಂದನ್ನೊಂದು ಹೊಡೆದುಹಾಕುತ್ತದೆ. ಆದರೆ ಹಾಗೆ ಮಾಡಿದರೆ ಸ್ಟ್ರಿಂಗಿನ ಸದ್ದೂ ಹೊಡೆದುಹೋಗಬೇಕಲ್ಲ? ಅದಕ್ಕೇ ಎರಡನೇ ಕಾಯಿಲ್‌ನ ಅಯಸ್ಕಾಂತವನ್ನೂ ತಿರುಗಿಸಿ ಇಟ್ಟಿರುತ್ತಾರೆ. ಸ್ಟ್ರಿಂಗಿನ ಪಾಲಿಗೆ ಎರಡು ಸಲ ತಿರುಗಿದ್ದು ನೇರಕ್ಕೆ ಬಂದು ಕೂಡಿಕೊಳ್ಳುತ್ತದೆ. ಗುಂಯ್‌ಗೆ ಅಯಸ್ಕಾಂತದ ಹಂಗಿಲ್ಲ, ಅದು ಒಂದೇ ಸಲ ತಿರುಗಿ ಸೊನ್ನೆಯಾಗುತ್ತದೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ, 1959ರಲ್ಲಿ ಸಿಕ್ಕಿತು. ಬೇಸ್ ಗಿಟಾರಿನಲ್ಲಿ ದೊಡ್ಡ ಹಂಬಕರ್ ಹೆಸರು ಮಾಡಿದ್ದು 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇಯಿಂದ.

ಈಗ ಯಾರೋ ಒಂದು ಕಾಯಿಲ್‌ನ ಎರಡು ತುದಿಗಳನ್ನು ಅದಲುಬದಲು ಮಾಡಿದರು ಅಂದುಕೊಳ್ಳಿ. ಲೆಕ್ಕ ಪೂರ್ತಿ ತಲೆಕೆಳಗು. ಗುಂಯ್ ಕೂಡುತ್ತದೆ, ಸ್ಟ್ರಿಂಗಿನ ಸದ್ದು ಕಳೆಯುತ್ತದೆ. ಅದರಲ್ಲೂ ಮೊದಲು ಹೋಗುವುದು ತಗ್ಗಿನ ಸ್ವರ. ಯಾಕೆಂದರೆ ಎರಡು ಕಾಯಿಲ್‌ಗಳ ನಡುವಿನ ಅಂತರ ಎರಡು ಸೆಂಟಿಮೀಟರ್ ಆಸುಪಾಸು. ಅಷ್ಟು ಹತ್ತಿರದಲ್ಲಿ ಸ್ಟ್ರಿಂಗಿನ ದೊಡ್ಡ ಅಲೆ ಎರಡಕ್ಕೂ ಒಂದೇ ಥರ ಕಾಣುತ್ತದೆ, ಪೂರ್ತಿ ಕಳೆದುಹೋಗುತ್ತದೆ. ಮೇಲಿನ ಸಣ್ಣ ಅಲೆಗಳು ಎರಡು ಜಾಗದಲ್ಲಿ ಬೇರೆ ಬೇರೆಯಾಗಿರುವುದರಿಂದ ಒಂದಿಷ್ಟು ಉಳಿದುಕೊಳ್ಳುತ್ತವೆ. ಆ ಉಳಿದದ್ದೇ ತಗಡಿನ ಸದ್ದು. ಹುಡುಗ ಬಾಗಿಲಲ್ಲಿ ನಿಂತು ಹೇಳಿದ ಒಂದು ವಾಕ್ಯದಲ್ಲೇ ರೋಗದ ಹೆಸರು ಇತ್ತು.

ಬಿಚ್ಚುವ ಮೊದಲು ಕೇಬಲ್‌ನಿಂದಲೇ ಅಳೆಯಿರಿ

ಹೊಸ ಪಿಕಪ್ ಹಾಕಿದ ಗಿಟಾರ್ ಕೈಗೆ ಬಂದ ತಕ್ಷಣ ಸ್ಕ್ರೂಡ್ರೈವರ್ ಹುಡುಕುವುದು ನಮ್ಮೆಲ್ಲರ ಚಟ. ತಡೆದುಕೊಳ್ಳಿ. ಬ್ಯಾಟರಿ ಇಲ್ಲದ ಸಾಮಾನ್ಯ ಬೇಸ್ ಆಗಿದ್ದರೆ ಅರ್ಧ ವಿಷಯ ಹೊರಗಿನಿಂದಲೇ ತಿಳಿಯುತ್ತದೆ. ಆಂಪ್‌ನಿಂದ ಕೇಬಲ್ ಕಿತ್ತು, ಗಿಟಾರ್ ಕಡೆ ಹಾಗೇ ಬಿಡಿ. ವಾಲ್ಯೂಮ್, ಟೋನ್ ಪೂರ್ತಿ ತೆರೆಯಿರಿ. ಮಲ್ಟಿಮೀಟರನ್ನು 20 ಕಿಲೋ ಓಮ್‌ಗೆ ಇಟ್ಟು, ಕೇಬಲ್‌ನ ಖಾಲಿ ಪಿನ್ನಿನ ತುದಿಗೆ ಒಂದು ಕಡ್ಡಿ, ಉದ್ದನೆಯ ಮೈಗೆ ಇನ್ನೊಂದು ಕಡ್ಡಿ ಹಿಡಿಯಿರಿ. ಎರಡು ಪಿಕಪ್, ಎರಡು ವಾಲ್ಯೂಮ್ ಇರುವ ಗಿಟಾರಾದರೆ ಅಳೆಯಬೇಕಾದ್ದನ್ನು ಮಾತ್ರ ತೆರೆದು ಇನ್ನೊಂದನ್ನು ಪೂರ್ತಿ ಇಳಿಸಿ. ಕೆಲವು ವೈರಿಂಗಿನಲ್ಲಿ ಒಂದನ್ನು ಇಳಿಸಿದರೆ ಎರಡೂ ಸುಮ್ಮನಾಗುತ್ತವೆ. ಅಂಥದ್ದರಲ್ಲಿ ಈ ಪರೀಕ್ಷೆಗೆ ಅರ್ಥವಿಲ್ಲ, ಬಿಚ್ಚಿಯೇ ನೋಡಬೇಕು.

ನಮ್ಮ ಹುಡುಗನ ಪಿಕಪ್ ಡಬ್ಬಿಯ ಮೇಲೆ 10 ಕಿಲೋ ಓಮ್ ಎಂದಿತ್ತು. ಅಂದರೆ ಒಂದೊಂದು ಕಾಯಿಲ್‌ಗೆ 5ರಂತೆ, ಒಂದರ ಹಿಂದೆ ಒಂದು. ವಾಲ್ಯೂಮ್ ತಿರುಗಿಸುವ ಪಾಟ್‌ಗಳೂ ಪಕ್ಕದಲ್ಲಿ ಸೇರಿಕೊಂಡಿರುವುದರಿಂದ ಕೇಬಲ್ ತುದಿಯಲ್ಲಿ ಸ್ವಲ್ಪ ಕಡಿಮೆ, 9ಕ್ಕೂ 10ಕ್ಕೂ ನಡುವೆ ಬರಬೇಕು. 5ರ ಹತ್ತಿರ ಬಂದರೆ ಒಂದು ಕಾಯಿಲ್ ಮಾತ್ರ ಕೆಲಸ ಮಾಡುತ್ತಿದೆ. ಎರಡು ಕಾಯಿಲ್‌ಗಳನ್ನು ಕೂಡಿಸುವ ನಡುವಿನ ಜೋಡಣೆ ಎಲ್ಲೋ ಗ್ರೌಂಡ್‌ಗೆ (ಕರೆಂಟ್ ವಾಪಸ್ ಹೋಗುವ ದಾರಿಗೆ) ತಾಗಿದೆ ಅಂತ ಮೊದಲು ಅನುಮಾನಿಸಿ. ಎರಡೂವರೆ ಬಂದರೆ ಕಾಯಿಲ್‌ಗಳು ಅಕ್ಕಪಕ್ಕ ಜೋಡಣೆಯಾಗಿವೆ. ಅದು ದೋಷವಲ್ಲ, ಸದ್ದು ಸ್ವಲ್ಪ ಸಣ್ಣದಾಗಿ ತಿಳಿಯಾಗಿರುತ್ತದೆ, ಹಾಗೇ ಬೇಕು ಅನ್ನುವವರೂ ಇದ್ದಾರೆ. ಸೊನ್ನೆ ಬಂದರೆ ಶಾರ್ಟ್. ಮೀಟರಿನಲ್ಲಿ ಬರೀ 1 ಕೂತರೆ ರೇಂಜ್ ಏರಿಸಿ. 125, 250, 500 ಕಿಲೋ ಥರದ ಅಂಕಿ ಬಂದರೆ ನೀವು ಓದುತ್ತಿರುವುದು ಪಾಟನ್ನು. ಪಿಕಪ್ ಅಲ್ಲಿಯವರೆಗೆ ತಲುಪಿಲ್ಲ, ಎಲ್ಲೋ ತುಂಡಾಗಿದೆ. ರೇಂಜ್ ಎಷ್ಟು ಏರಿಸಿದರೂ ಏನೂ ಬಾರದಿದ್ದರೆ ಕೇಬಲ್ ಸಿಕ್ಕಿಸುವ ಜ್ಯಾಕ್ ಅಥವಾ ಕೇಬಲ್ಲೇ ಕಾರಣ. ಮೊದಲು ಬೇರೆ ಕೇಬಲ್ ಹಾಕಿ ನೋಡಿ. ನಗಬೇಡಿ, ಕೇಬಲ್ ಕೆಟ್ಟಿರುವಾಗ ಗಿಟಾರ್ ಬಿಚ್ಚಿದ್ದು ನನ್ನ ಲೆಕ್ಕದಲ್ಲೇ ಎರಡು ಸಲ ಇದೆ.

ಅಂಕಿ ಡಬ್ಬಿಯದ್ದಕ್ಕಿಂತ ಅಷ್ಟಿಷ್ಟು ಹೆಚ್ಚಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ತಾಮ್ರದ ರೋಧ ಒಂದು ಡಿಗ್ರಿ ಸೆಲ್ಸಿಯಸ್‌ಗೆ ನೂರಕ್ಕೆ 0.39ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 10 ಕಿಲೋ ಇದ್ದ ಪಿಕಪ್ ನಮ್ಮ ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿಯಲ್ಲಿ 10.6 ತೋರಿಸುತ್ತದೆ.

ಬ್ಯಾಟರಿ ಇರುವ ಆಕ್ಟಿವ್ ಬೇಸ್‌ಗೆ ಈ ಪರೀಕ್ಷೆ ನಡೆಯುವುದಿಲ್ಲ. ನಡುವೆ ಪ್ರೀಆಂಪ್ (ಬ್ಯಾಟರಿಯಿಂದ ನಡೆಯುವ ಪುಟ್ಟ ಆಂಪ್) ಕೂತಿರುತ್ತದೆ, ಅದನ್ನು ದಾಟಿ ಪಿಕಪ್ ಕಾಣುವುದಿಲ್ಲ. ಅಲ್ಲಿ ಮೊದಲು 9 ವೋಲ್ಟ್ ಬ್ಯಾಟರಿ ಅಳೆಯಿರಿ. ಆಮೇಲೆ ಜ್ಯಾಕ್ ನೋಡಿ. ಆಕ್ಟಿವ್ ಗಿಟಾರಿನ ಜ್ಯಾಕಿಗೆ ಮೂರು ಕಾಲು ಇರುತ್ತವೆ, ಮೂರನೆಯದು ಬ್ಯಾಟರಿಯ ಋಣ ತುದಿಗೆ ಹೋಗಿ ಸ್ವಿಚ್ ಥರ ಕೆಲಸ ಮಾಡುತ್ತದೆ. ಪಿಕಪ್ ಬದಲಿಸುವಾಗ ಆ ಕಾಲಿನ ವೈರ್ ಕಿತ್ತುಬಂದರೆ ಗಿಟಾರ್ ಪೂರ್ತಿ ಮೌನ.

ಹುಡುಗನ ಗಿಟಾರ್ ಕೇಬಲ್ ತುದಿಯಲ್ಲಿ 9.4 ತೋರಿಸಿತು. ಮಗ್ಗಿ ಒಪ್ಪಿಸಿದ ಹಾಗೆ ಸರಿಯಾದ ಅಂಕಿ. ನಾನು ದಾರಿ ತಪ್ಪಿದ್ದು ಇಲ್ಲೇ. ಅಂಕಿ ಸರಿ ಇದೆ, ಹಾಗಾದರೆ ಪಿಕಪ್ ವೈರಿಂಗ್ ಸರಿ ಇದೆ, ಹಾಗಾದರೆ ಗ್ರೌಂಡ್ ಕೆಟ್ಟಿದೆ ಅಂತ ಹೊರಟೆ. ಕಾಯಿಲನ್ನು ಈ ಕಡೆಯಿಂದ ಅಳೆದರೂ 5, ಆ ಕಡೆಯಿಂದ ಅಳೆದರೂ 5. ಅದು ತಲೆಕೆಳಗಾಗಿ ಕೂತಿದೆಯೇ ಇಲ್ಲವೇ ಅನ್ನುವುದು ಓಮ್ ಅಳತೆಯಲ್ಲಿ ಕಾಣುವುದಿಲ್ಲ.

ಗುಂಯ್‌ನಲ್ಲಿ ಎರಡು ಜಾತಿ

ಆಂಪ್‌ಗೆ ಹಾಕಿ, ವಾಲ್ಯೂಮ್ ಮಿತವಾಗಿಟ್ಟು, ಗಿಟಾರ್ ಹಿಡಿದು ನಿಂತಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿ. ಗುಂಯ್ ಒಂದು ದಿಕ್ಕಿಗೆ ಹೆಚ್ಚಿ ಇನ್ನೊಂದಕ್ಕೆ ಇಳಿದರೆ ಅದನ್ನು ಕಾಯಿಲ್ ಹಿಡಿಯುತ್ತಿದೆ. ಅಂದರೆ ಹಂಬಕರ್ ತನ್ನ ಕೆಲಸ ಮಾಡುತ್ತಿಲ್ಲ. ಎಲ್ಲಿ ತಿರುಗಿದರೂ ಒಂದೇ ಸಮ ಬರ್ರ್ ಅನ್ನುತ್ತಿದ್ದರೆ ಗ್ರೌಂಡಿನ ಕಡೆ ಹೋಗಿ.

ಸ್ಟ್ರಿಂಗ್ ಮುಟ್ಟಿದಾಗ ಏನಾಗುತ್ತದೆ ನೋಡುವುದು ಎರಡನೇ ಪರೀಕ್ಷೆ. ಮುಟ್ಟಿದರೆ ಸದ್ದು ಸ್ವಲ್ಪ ತಗ್ಗುವುದು ಸಹಜ. ನಮ್ಮ ಮೈ ಒಂದು ಆಂಟೆನಾ, ಸ್ಟ್ರಿಂಗ್ ಮೂಲಕ ಅದು ಗ್ರೌಂಡ್‌ಗೆ ಸೇರುತ್ತದೆ. ಮುಟ್ಟಿದರೂ ಬಿಟ್ಟರೂ ವ್ಯತ್ಯಾಸವೇ ಇಲ್ಲದಿದ್ದರೆ ಸ್ಟ್ರಿಂಗ್‌ಗಳು ಕೂತಿರುವ ಬ್ರಿಡ್ಜ್ ಕೆಳಗಿಂದ ಬರುವ ಗ್ರೌಂಡ್ ವೈರ್ ತುಂಡಾಗಿದೆ, ಅಥವಾ ಪಿಕಪ್ ಬದಲಿಸುವಾಗ ಅದನ್ನು ಮರಳಿ ಹಾಕುವುದು ಮರೆತಿದೆ. ಮುಟ್ಟಿದಾಗ ಗುಂಯ್ ಹೆಚ್ಚಾದರೆ ಜ್ಯಾಕಿನಲ್ಲಿ ಹಾಟ್ (ಸದ್ದು ಹೊತ್ತು ಹೋಗುವ ವೈರ್) ಮತ್ತು ಗ್ರೌಂಡ್ ಅದಲುಬದಲಾಗಿವೆಯೇ ಅಂತ ಮೊದಲು ನೋಡಿ.

ನಮ್ಮ ಗಿಟಾರಿನಲ್ಲಿ ಮುಟ್ಟಿದರೆ ತಗ್ಗುತ್ತಿತ್ತು, ತಿರುಗಿದರೆ ಏರಿಳಿಯುತ್ತಿತ್ತು. ಎರಡೂ ಕಾಯಿಲ್ ಕಡೆಗೇ ಬೆರಳು ತೋರಿಸುತ್ತಿದ್ದವು. ಆದರೆ ನನ್ನ ತಲೆಯಲ್ಲಿ 9.4 ಕೂತಿತ್ತಲ್ಲ.

ಕಾಯಿಲ್ ಬದುಕಿದೆಯೇ ಅಂತ ತಿಳಿಯಲು ಸಣ್ಣ ಸ್ಕ್ರೂಡ್ರೈವರಿನಿಂದ ಪಿಕಪ್ಪಿನ ಕಬ್ಬಿಣದ ಮೊಳೆಗಳ ಮೇಲೆ ಮೆಲ್ಲಗೆ ತಟ್ಟಿ. ಆಂಪ್ ತಗ್ಗಿಸಿಟ್ಟಿರಬೇಕು, ಇಲ್ಲದಿದ್ದರೆ ಸ್ಪೀಕರ್ ಬೈಯುತ್ತದೆ. ಎರಡೂ ಸಾಲಿನಿಂದ ಒಂದೇ ಗಾತ್ರದ ಟಕ್ ಬರಬೇಕು. ಒಂದು ಸಾಲು ಪಿಸುಗುಟ್ಟಿದರೆ ಆ ಕಾಯಿಲ್ ಹೋಗಿದೆ ಅಥವಾ ಗ್ರೌಂಡ್‌ಗೆ ತಾಗಿದೆ. ಹುಡುಗನ ಪಿಕಪ್ಪಿನಲ್ಲಿ ಎರಡೂ ಗಟ್ಟಿಯಾಗಿ ಟಕ್ ಅಂದವು. ಪಿಕಪ್ ಸತ್ತಿಲ್ಲ ಅನ್ನುವುದು ಅಲ್ಲಿಗೆ ಖಚಿತವಾಯಿತು. ಡಬ್ಬಿಯನ್ನು ಅಟ್ಟದ ಮೇಲೆ ಎಸೆದೆ.

ಪೊಟರೆಯೊಳಗೆ

ಬಿಚ್ಚಿದೆವು. ಪಾಟ್‌ಗಳು ಕೂತಿರುವ ಪೊಟರೆಗೆ ಹುಡುಗ ನೀಟಾಗಿ ತಾಮ್ರದ ಟೇಪು ಅಂಟಿಸಿದ್ದ. ಶ್ರದ್ಧೆ ಇತ್ತು, ಒಪ್ಪಬೇಕು. ಬೆಸುಗೆ ಮಾತ್ರ ಅಯ್ಯೋ ಅನ್ನುವ ಹಾಗಿತ್ತು. ಪಾಟ್‌ನ ಬೆನ್ನಿನ ಮೇಲೆ ಬಟಾಣಿ ಗಾತ್ರದ ಬೂದು ಗುಂಡು, ಅದರಿಂದ ಹಸಿರು ವೈರ್ ಹೊರಟಿದೆ. ಚಿಮಟದಿಂದ ಮೆಲ್ಲಗೆ ತಿರುಗಿಸಿದೆ, ಗುಂಡಿನ ಸಮೇತ ತಿರುಗಿತು. ಕೆಳಗಿನ ಲೋಹಕ್ಕೆ ಅದು ಅಂಟೇ ಇರಲಿಲ್ಲ, ಒಣಗಿದ ಅಂಟಿನ ಹಾಗೆ ಮೇಲೆ ಕೂತಿತ್ತು.

ಇದು ಬಹಳ ಜನ ಮಾಡುವ ತಪ್ಪು. 25 ವಾಟ್ ಐರನ್ ಜ್ಯಾಕಿನ ಕಾಲಿಗೆ, ಪಾಟ್‌ನ ಕಾಲಿಗೆ ಸಾಕು. ಪಾಟ್‌ನ ಬೆನ್ನು ದಪ್ಪ ಲೋಹ, ಶಾಖವನ್ನು ಕುಡಿದುಬಿಡುತ್ತದೆ. ಐರನ್ ತುದಿಯಲ್ಲಿ ಸೀಸ ಕರಗುತ್ತದೆ, ಬೆನ್ನಿಗೆ ತಾಗಿದ ತಕ್ಷಣ ಗಟ್ಟಿಯಾಗುತ್ತದೆ. 40ರಿಂದ 60 ವಾಟ್‌ನ ಐರನ್, ಅಗಲವಾದ ತುದಿ ಬೇಕು. ಬೆನ್ನನ್ನು ಮೊದಲು ಮರಳು ಕಾಗದದಿಂದ ಹೊಳೆಯುವಂತೆ ಉಜ್ಜಿ, ಅದರ ಮೇಲೆ ತೆಳುವಾಗಿ ಸೀಸ ಹಿಡಿಸಿ, ವೈರಿನ ತುದಿಗೂ ಬೇರೆಯಾಗಿ ಸೀಸ ಹಿಡಿಸಿ, ಆಮೇಲೆ ಎರಡನ್ನೂ ಸೇರಿಸಿ ಮೂರ್ನಾಲ್ಕು ಸೆಕೆಂಡು ಕಾಯಿಸಿ. ಸರಿಯಾದ ಬೆಸುಗೆ ನೀರಿನ ಹನಿ ಎಲೆಯ ಮೇಲೆ ನಿಂತ ಹಾಗೆ ಉಬ್ಬುವುದಿಲ್ಲ, ಒದ್ದೆ ನೆಲದ ಮೇಲೆ ಹರಡಿದ ಹಾಗೆ ಅಂಚು ತೆಳುವಾಗುತ್ತದೆ, ಹೊಳೆಯುತ್ತದೆ. ಹತ್ತು ಸೆಕೆಂಡು ಸುಟ್ಟರೆ ಪಾಟ್‌ನ ಒಳಗಿನ ಕಾರ್ಬನ್ ಪಟ್ಟಿಗೇ ಪೆಟ್ಟು. ಹುಡುಗ ಮೂರು ಸಲ ಸುಟ್ಟಿದ್ದ. ಅದೃಷ್ಟಕ್ಕೆ ಪಾಟ್ ಉಳಿದಿತ್ತು: ಎರಡು ಹೊರಗಾಲುಗಳ ನಡುವೆ 250 ಕಿಲೋ, ನಡುಗಾಲಿನಿಂದ ಅಳೆದು ತಿರುಗಿಸಿದರೆ ಅಂಕಿ ಎಲ್ಲೂ ಹಾರದೆ ಏರಿತು.

ಎಲ್ಲ ಬೆಸುಗೆಯನ್ನೂ ಹೊಸದಾಗಿ ಹಾಕಿದೆ. ಬ್ರಿಡ್ಜ್ ವೈರ್ ಪರೀಕ್ಷಿಸಿದೆ. ಜ್ಯಾಕ್ ಬದಲಿಸಿದೆ. ಒಂದು ಗಂಟೆ ಹೋಯಿತು. ಆಂಪ್‌ಗೆ ಹಾಕಿದೆವು. ಗುಂಯ್. ತಗಡು. ಬೆಸುಗೆ ಎಷ್ಟು ಚೆಂದ ಇದ್ದರೇನು, ತಪ್ಪು ವೈರನ್ನು ಗಟ್ಟಿಯಾಗಿ ಕೂರಿಸಿದ್ದೆ ಅಷ್ಟೆ.

ಆಗ ಹುಡುಗ, “ಅಣ್ಣಾ, ಆ ಚಿತ್ರ ಇನ್ನೊಂದ್ ಸಲ ನೋಡಾಣ?” ಅಂದ.

ಬಣ್ಣಗಳ ಗೊಂದಲ

ಇಂಥ ಪಿಕಪ್ಪಿನಿಂದ ಐದು ವೈರ್ ಹೊರಬರುತ್ತವೆ. ನಾಲ್ಕಕ್ಕೆ ಬಣ್ಣ, ಒಂದು ಬೋಳು. ಬಣ್ಣದ ನಾಲ್ಕು ಎರಡು ಕಾಯಿಲ್‌ಗಳ ಎರಡೆರಡು ತುದಿ, ಬೋಳು ವೈರ್ ಕವಚದ್ದು, ಅದು ಯಾವಾಗಲೂ ಗ್ರೌಂಡ್‌ಗೆ. ತೊಂದರೆ ಏನೆಂದರೆ ಯಾವ ಬಣ್ಣ ಯಾವ ತುದಿ ಅನ್ನುವುದಕ್ಕೆ ಎಲ್ಲ ಕಂಪನಿಗೂ ಒಂದೇ ನಿಯಮ ಇಲ್ಲ. ಸೇಮೋರ್ ಡಂಕನ್ ಪದ್ಧತಿಯಲ್ಲಿ ಕಪ್ಪು ಹಾಟ್, ಕೆಂಪು ಮತ್ತು ಬಿಳಿ ಒಂದಕ್ಕೊಂದು ಜೋಡಿ, ಹಸಿರು ಗ್ರೌಂಡ್. ಡಿಮಾರ್ಜಿಯೋ ಪದ್ಧತಿಯಲ್ಲಿ ಕೆಂಪು ಹಾಟ್, ಕಪ್ಪು ಮತ್ತು ಬಿಳಿ ಜೋಡಿ, ಹಸಿರು ಗ್ರೌಂಡ್. ಬಣ್ಣ ಅವೇ ನಾಲ್ಕು, ಹಸಿರು ಎರಡರಲ್ಲೂ ಗ್ರೌಂಡ್, ನೋಡಿದರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ.

ಹುಡುಗ ಫೋನಿನಲ್ಲಿ ಇಟ್ಟುಕೊಂಡಿದ್ದು ಮೊದಲನೇ ಪದ್ಧತಿಯ ಚಿತ್ರ. ಚಿತ್ರ ತಪ್ಪಲ್ಲ. ಆದರೆ ಅವನ ಪಿಕಪ್ಪಿನ ಬಣ್ಣ ಎರಡನೇ ಪದ್ಧತಿಯದ್ದಾಗಿದ್ದರೆ? ಕಾಗದದ ಮೇಲೆ ಬರೆದು ನೋಡಿದೆವು. ಒಂದು ಕಾಯಿಲ್ ಕೆಂಪಿನಿಂದ ಕಪ್ಪಿಗೆ, ಇನ್ನೊಂದು ಬಿಳಿಯಿಂದ ಹಸಿರಿಗೆ. ಅವನು ಕಪ್ಪನ್ನು ಹಾಟ್ ಮಾಡಿ, ಕೆಂಪನ್ನು ಬಿಳಿಗೆ ಸೇರಿಸಿದ್ದಾನೆ. ಅಂದರೆ ಮೊದಲ ಕಾಯಿಲ್ ತಲೆಕೆಳಗು, ಎರಡನೆಯದು ನೆಟ್ಟಗೆ. ಕರೆಂಟಿನ ದಾರಿ ಎಲ್ಲೂ ತುಂಡಾಗಿಲ್ಲ, ಒಟ್ಟು ಅಳತೆ ಸರಿಯಾಗೇ ಬರುತ್ತದೆ, ತಟ್ಟಿದರೆ ಎರಡೂ ಟಕ್ ಅನ್ನುತ್ತವೆ. ಕಿವಿಗೆ ಮಾತ್ರ ಗುಂಯ್ ಮತ್ತು ತಗಡು.

ಚೀಟಿ ಇಲ್ಲದ ಪಿಕಪ್ಪಿಗೆ ಬಣ್ಣ ನಂಬಿ ಊಹೆ ಮಾಡುವ ಬದಲು ಅದನ್ನೇ ಕೇಳಿಬಿಡಬಹುದು.

ಐದೂ ವೈರ್ ಬಿಡಿಸಿ ಒಂದಕ್ಕೊಂದು ತಾಗದ ಹಾಗೆ ಹರಡಿ. ಮೀಟರ್ 20 ಕಿಲೋಗೆ. ಯಾವ ಎರಡು ಬಣ್ಣಗಳ ನಡುವೆ 5 ಬರುತ್ತದೋ ಅವು ಒಂದೇ ಕಾಯಿಲ್‌ನ ತುದಿಗಳು, ಉಳಿದ ಜೋಡಿಗಳಲ್ಲಿ ಏನೂ ಬರಬಾರದು. ಬೋಳು ವೈರಿಗೂ ಯಾವ ಬಣ್ಣಕ್ಕೂ ನಂಟಿರಬಾರದು. ಇದ್ದರೆ ಕೇಬಲ್‌ನೊಳಗೆ ಎಲ್ಲೋ ಕಾದು ಸಿಪ್ಪೆ ಕರಗಿದೆ. ನಮ್ಮದರಲ್ಲಿ ಕೆಂಪು–ಕಪ್ಪು 5.2, ಬಿಳಿ–ಹಸಿರು 5.2 ಬಂತು. ಡಂಕನ್ ಪದ್ಧತಿ ಆಗಿದ್ದರೆ ಕಪ್ಪಿನ ಜೊತೆಗಾರ ಬಿಳಿ ಆಗಬೇಕಿತ್ತು. ಅರ್ಧ ಉತ್ತರ ಸಿಕ್ಕಿತು.

ಈಗ ದಿಕ್ಕು. ಮೀಟರಿನ ಕೆಂಪು ಕಡ್ಡಿಯನ್ನು ಕೆಂಪು ವೈರಿಗೆ, ಕಪ್ಪು ಕಡ್ಡಿಯನ್ನು ಕಪ್ಪು ವೈರಿಗೆ ಕ್ಲಿಪ್ ಹಾಕಿ. ಆ ಕಾಯಿಲ್‌ನ ಮೊಳೆಗಳ ಮೇಲೆ ಸ್ಕ್ರೂಡ್ರೈವರಿನ ತಲೆ ಇಟ್ಟು ಅಂಕಿ ನಿಲ್ಲುವವರೆಗೆ ಕಾಯಿರಿ. ಆಮೇಲೆ ಸರಕ್ಕನೆ ಮೇಲಕ್ಕೆ ಎತ್ತಿ. ಅಂಕಿ ಒಂದು ಕ್ಷಣ ಮೇಲಕ್ಕೋ ಕೆಳಕ್ಕೋ ಹಾರಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಕಬ್ಬಿಣ ದೂರ ಸರಿದಾಗ ಕಾಯಿಲ್‌ನಲ್ಲಿ ಹುಟ್ಟುವ ಸಣ್ಣ ವೋಲ್ಟೇಜು ಮೀಟರಿನ ವೋಲ್ಟೇಜಿಗೆ ಕೂಡಿದ್ದೋ ಕಳೆದದ್ದೋ ಅಂತ ಅದು ಹೇಳುತ್ತದೆ. ಡಿಜಿಟಲ್ ಮೀಟರಿನಲ್ಲಿ ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ, ನಾಲ್ಕೈದು ಸಲ ಮಾಡಿ. ಹಳೆಯ ಮುಳ್ಳಿನ ಮೀಟರ್ ಇದ್ದರೆ ಇನ್ನೂ ಒಳ್ಳೆಯದು, ಮುಳ್ಳು ಒದೆಯುವುದು ಚೆನ್ನಾಗಿ ಕಾಣುತ್ತದೆ. ಎತ್ತಿದಾಗ ಅಂಕಿ ಮೇಲೆ ಹಾರಿದರೆ ಕೆಂಪು ಕಡ್ಡಿ ಹಿಡಿದ ವೈರನ್ನು ಆ ಕಾಯಿಲ್‌ನ ತಲೆ ಅನ್ನಿ, ಇನ್ನೊಂದು ಬಾಲ. ಕೆಳಗೆ ಹಾರಿದರೆ ಉಲ್ಟಾ.

ಎರಡನೇ ಕಾಯಿಲ್‌ಗೂ ಹೀಗೇ. ನಮಗೆ ಬಂದದ್ದು: ಕೆಂಪು ತಲೆ, ಕಪ್ಪು ಬಾಲ, ಬಿಳಿ ತಲೆ, ಹಸಿರು ಬಾಲ. ಇನ್ನು ಜೋಡಿಸುವುದು ಎತ್ತುಗಳನ್ನು ಒಂದರ ಹಿಂದೆ ಒಂದು ಕಟ್ಟಿದ ಹಾಗೆ. ಮೊದಲನೆಯದರ ಬಾಲ ಎರಡನೆಯದರ ತಲೆಗೆ. ಮೊದಲನೆಯದರ ತಲೆ ವಾಲ್ಯೂಮ್ ಪಾಟ್‌ಗೆ, ಕೊನೆಯ ಬಾಲ ಬೋಳು ವೈರಿನ ಜೊತೆ ಗ್ರೌಂಡ್‌ಗೆ.

ನಡುವಿನ ಕಪ್ಪು–ಬಿಳಿ ಜೋಡಿಗೆ ಇನ್ಸುಲೇಷನ್ ಟೇಪ್ ಸುತ್ತಬೇಡಿ. ಬೇಸಿಗೆಯಲ್ಲಿ ಅದರ ಅಂಟು ಜಾರಿ, ತುದಿ ಬಿಚ್ಚಿಕೊಂಡು, ಜೋಡಿ ಹೋಗಿ ಪಾಟ್‌ನ ಬೆನ್ನಿಗೋ ತಾಮ್ರದ ಟೇಪಿಗೋ ತಾಗುತ್ತದೆ. ಆಗ ಒಂದು ಕಾಯಿಲ್ ಶಾರ್ಟ್ ಆಗಿ, ಕೇಬಲ್ ತುದಿಯಲ್ಲಿ ಆ 5ರ ಅಂಕಿ ಬರುತ್ತದೆ. ಕಾಯಿಸಿದರೆ ಕುಗ್ಗುವ ಸ್ಲೀವ್ ಒಂದಿಂಚು ಸಾಕು. ಬೆಸುಗೆ ಹಾಕುವ ಮೊದಲೇ ವೈರಿಗೆ ತೂರಿಸಿಟ್ಟಿರಬೇಕು. ಇದನ್ನು ಮರೆತು ಬೆಸುಗೆ ಮುಗಿದ ಮೇಲೆ ಹಣೆ ಚಚ್ಚಿಕೊಳ್ಳದವರು ಈ ಕೆಲಸ ಮಾಡಿಲ್ಲ ಅಂತ ಅರ್ಥ.

ವೈರ್ ಸುಲಿಯುವಾಗ ಮೈಯೆಲ್ಲ ಕಣ್ಣಾಗಿರಿ. ಪಿಕಪ್‌ನಿಂದ ಬರುವ ಬಣ್ಣದ ವೈರುಗಳೇ ಸಣ್ಣವು, ಒಳಗಿನ ಕಾಯಿಲ್ ತಂತಿ ಇನ್ನೂ ಸಣ್ಣದು. ಸಾಮಾನ್ಯವಾಗಿ ಬಳಸುವ 42 ಗೇಜ್ ತಂತಿ 0.063 ಮಿಲಿಮೀಟರ್ ದಪ್ಪ. ನಮ್ಮ ಮನೆಯಲ್ಲಿ ಮೂರು ತಲೆಮಾರು ರೇಷ್ಮೆ ನೂಲು ಬಿಚ್ಚಿದವರು, ಅಮ್ಮನಿಗೆ ತೋರಿಸಿದೆ. ಕಾಯಿಲ್ ಕಡೆ ಕನ್ನಡಕ ಏರಿಸಿ ನೋಡಿ, “ಒಂದ್ ಗೂಡಿನಷ್ಟು ಎಳೆ ಇರ್ತದೇನೋ ಇದ್ರಾಗೆ” ಅಂದರು. ಲೆಕ್ಕ ಹಾಕಿದೆ. ಆ ತಂತಿಯ ರೋಧ ಮೀಟರಿಗೆ ಸುಮಾರು 5.4 ಓಮ್. 5 ಕಿಲೋ ಓಮ್ ಅಂದರೆ ಒಂಬತ್ತು ನೂರು ಮೀಟರಿಗಿಂತ ಸ್ವಲ್ಪ ಹೆಚ್ಚು. ಒಳ್ಳೆಯ ದ್ವಿತಳಿ ಗೂಡಿನ ಎಳೆಯೂ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಅಮ್ಮನ ಅಂದಾಜು ಕೈ ತಪ್ಪಿರಲಿಲ್ಲ. ಆದರೆ ಗೂಡಿನ ಎಳೆ ಕಡಿದರೆ ಬಿಸಿ ನೀರಲ್ಲಿ ಬೆರಳ ತುದಿಯಿಂದ ಇನ್ನೊಂದನ್ನು ಹಚ್ಚುತ್ತಾರೆ, ಇದು ಒಳಗೆ ಕಡಿದರೆ ನಮ್ಮಂಥವರ ಕೈಯಲ್ಲಿ ಆಗುವ ಕೆಲಸವಲ್ಲ. ಅದಕ್ಕೇ ಪಿಕಪ್ಪನ್ನು ಅದರ ವೈರ್ ಹಿಡಿದು ಎತ್ತಬಾರದು, ನೇತಾಡಿಸಬಾರದು.

ಮುಚ್ಚಳ ಹಾಕಿದರೆ ಸದ್ದಿಲ್ಲ

ಹೊಸ ಜೋಡಣೆಯಲ್ಲಿ ಆಂಪ್ ಹಾಕಿದೆವು. ಇ ಸ್ಟ್ರಿಂಗ್ ಮೀಟಿದ ತಕ್ಷಣ ಕಪಾಟಿನ ಮೇಲಿನ ಸ್ಟೀಲ್ ಲೋಟ ನಡುಗಿತು. ಕೈ ಬಿಟ್ಟರೆ ನಿಶ್ಶಬ್ದ. ಹುಡುಗ ಹಲ್ಲುಬಿಟ್ಟ. ಮುಚ್ಚಳದ ಆರು ಸ್ಕ್ರೂ ಬಿಗಿದೆವು. ಪೂರ್ತಿ ಸತ್ತಿತು.

ಮತ್ತೆ ಬಿಚ್ಚಿದರೆ ಸದ್ದು ಬಂತು. ಹೊಸ ಜ್ಯಾಕಿನ ಕಾಲು ಹಳೆಯದಕ್ಕಿಂತ ಉದ್ದ. ಮುಚ್ಚಳ ಒತ್ತಿದಾಗ ಅದು ಪೊಟರೆಯ ಗೋಡೆಯ ತಾಮ್ರದ ಟೇಪಿಗೆ ತಾಗುತ್ತಿತ್ತು. ಟೇಪು ಗ್ರೌಂಡ್, ಕಾಲು ಹಾಟ್, ಅಲ್ಲಿಗೆ ಮುಗಿಯಿತು. ಕೇಬಲ್ ಹಾಕಿದಾಗ ಜ್ಯಾಕಿನ ಸ್ಪ್ರಿಂಗ್ ಎಲೆ ಹೊರಕ್ಕೆ ಸರಿದು ತಾಗುವುದೂ ಇದೆ. ಆದ್ದರಿಂದ ಕೇಬಲ್ ಹಾಕಿಯೇ ನೋಡಬೇಕು. ಜ್ಯಾಕನ್ನು ಅರ್ಧ ಸುತ್ತು ತಿರುಗಿಸಿ ನಟ್ ಬಿಗಿದೆ, ಟೇಪಿನ ಆ ಭಾಗಕ್ಕೆ ಒಂದು ತುಂಡು ಪ್ಲಾಸ್ಟಿಕ್ ಅಂಟಿಸಿದೆ. ಜ್ಯಾಕ್ ನಟ್ ಬಿಗಿಯುವಾಗ ಒಳಗಿನ ಜ್ಯಾಕನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಅದೂ ಸುತ್ತಿ ವೈರನ್ನು ತಿರುಚಿ ಕೀಳುತ್ತದೆ.

ಎರಡೂ ಪಿಕಪ್ ಒಟ್ಟಿಗೆ ತೆರೆದಾಗ ಮಾತ್ರ ಬೇಸ್ ಮಾಯವಾದರೆ ಅದು ಬೇರೆ ಕಥೆ. ಹೊಸದು ಒಳಗಡೆ ಸರಿಯಾಗೇ ಇದೆ, ಆದರೆ ಹಳೆಯದಕ್ಕೆ ಎದುರು ದಿಕ್ಕಿನಲ್ಲಿದೆ. ಗುರುತು ಸುಲಭ: ಒಂದೊಂದನ್ನೇ ನುಡಿಸಿದರೆ ಎರಡೂ ದಪ್ಪ, ಸೇರಿಸಿದರೆ ಸೊರಗುತ್ತವೆ, ಒಂದರ ವಾಲ್ಯೂಮ್ ಕೊಂಚ ತಗ್ಗಿಸಿದರೆ ಬೇಸ್ ಮರಳುತ್ತದೆ. ನಾಲ್ಕು ಬಣ್ಣದ ಪಿಕಪ್ಪಿನಲ್ಲಿ ಹಾಟ್ ಮತ್ತು ಗ್ರೌಂಡ್ ಬಣ್ಣಗಳನ್ನು ಅದಲುಬದಲು ಮಾಡಿದರೆ ಸಾಕು. ಬೋಳು ವೈರ್ ಮಾತ್ರ ಗ್ರೌಂಡಿನಲ್ಲೇ ಇರಲಿ. ಒಂದೇ ಬಣ್ಣದ ವೈರ್, ಸುತ್ತ ಜಾಲರಿ ಇರುವ ಹಳೇ ಥರದ ಪಿಕಪ್ಪಿನಲ್ಲಿ ಹೀಗೆ ಮಾಡಬೇಡಿ. ಜಾಲರಿಯೇ ಹಾಟ್ ಆಗಿ ಲೋಹದ ಕವಚ ಸಮೇತ ಗುಂಯ್ ಅನ್ನುತ್ತದೆ.

ಸದ್ದು ಸರಿ ಇದೆ ಆದರೆ ಮೆಲು ಅನ್ನಿಸಿದರೆ ಬೆಸುಗೆ ಮುಟ್ಟುವ ಮೊದಲು ಪಿಕಪ್ಪಿನ ಎತ್ತರ ನೋಡಿ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ಸ್ಟ್ರಿಂಗ್ ಮತ್ತು ಪಿಕಪ್ ನಡುವೆ ಮೂರು ಮಿಲಿಮೀಟರ್ ಆಸುಪಾಸು ಇಟ್ಟು ಅಲ್ಲಿಂದ ಕಿವಿಗೆ ಬಿಡಿ. ತೀರಾ ಹತ್ತಿರ ತಂದರೆ ಅಯಸ್ಕಾಂತ ಸ್ಟ್ರಿಂಗನ್ನೇ ಎಳೆದು ಸ್ವರ ನಡುಗುತ್ತದೆ. 250 ಕಿಲೋ ಪಾಟ್‌ನಲ್ಲಿ ಹಂಬಕರ್ ಸ್ವಲ್ಪ ಮಂಕು ಎನಿಸಬಹುದು, 500 ಹಾಕಿದರೆ ಮೇಲಿನ ಸ್ವರ ತೆರೆದುಕೊಳ್ಳುತ್ತದೆ. ಬೇಸ್‌ಗೆ ನನಗೆ 250ರ ಮಂಕೇ ಇಷ್ಟ.

ಪೆಂಡಾಲ್‌ನಲ್ಲಿ ಶಾಕ್ ಹೊಡೆದರೆ

ಇದು ಪಿಕಪ್ಪಿನ ದೋಷವಲ್ಲ, ಆದರೂ ಹೇಳದೆ ಬಿಡುವ ಹಾಗಿಲ್ಲ. ಸ್ಟ್ರಿಂಗ್‌ಗಳು ಬ್ರಿಡ್ಜ್ ವೈರಿನ ಮೂಲಕ ಆಂಪ್‌ನ ಮೈಗೆ ಸೇರಿರುತ್ತವೆ. ಪೆಂಡಾಲಿನ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಅರ್ತ್ ಇಲ್ಲದಿದ್ದರೆ, ಮೂರನೇ ಪಿನ್ ಮುರಿದು ಹಾಕಿದ್ದರೆ, ಆಂಪಿನ ಸೋರಿಕೆ ಸ್ಟ್ರಿಂಗ್ ಹಿಡಿದವನ ಕೈಗೆ ಬರುತ್ತದೆ. ಬೇಸ್ ನುಡಿಸುತ್ತಾ ಕೋರಸ್ ಹಾಡಲು ಮೈಕಿಗೆ ತುಟಿ ತಾಗಿಸಿದರೆ ಚುರ್ ಅನ್ನುವುದು ಅದಕ್ಕೇ. ಹಾಗಾದಾಗ ಬ್ರಿಡ್ಜ್ ವೈರ್ ಕತ್ತರಿಸಿಬಿಡು ಅಂತ ಸಲಹೆ ಕೊಡುವವರು ಇದ್ದಾರೆ. ಕೇಳಬೇಡಿ. ನುಡಿಸುವುದನ್ನು ನಿಲ್ಲಿಸಿ, ಆಂಪ್ ಪ್ಲಗ್ ಕಿತ್ತು, ಎಲೆಕ್ಟ್ರಿಷಿಯನ್ನನ್ನು ಕರೆದು ಅರ್ತ್ ಸರಿಮಾಡಿಸಿ. ಆಂಪ್ ಮತ್ತು ಮಿಕ್ಸರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ತೆಗೆದುಕೊಂಡರೆ ಗುಂಯ್ ಕೂಡ ಎಷ್ಟೋ ತಗ್ಗುತ್ತದೆ.

ಮುಚ್ಚಳ ಕೊನೆಯ ಸಲ ಹಾಕುವ ಮೊದಲು ಹುಡುಗನ ಕೈಯಲ್ಲೇ ಒಂದು ಚೀಟಿ ಬರೆಸಿದೆ. ಕೆಂಪು ಪಾಟ್‌ಗೆ, ಕಪ್ಪು ಬಿಳಿ ಜೋಡಿ, ಹಸಿರು ಬೋಳು ಗ್ರೌಂಡ್‌ಗೆ, ಬಿಡಿಯಾಗಿ 10.4, ಕೇಬಲ್ ತುದಿಯಲ್ಲಿ 9.4, ತಾರೀಕು. ಪಾರದರ್ಶಕ ಟೇಪು ಹಾಕಿ ಮುಚ್ಚಳದ ಒಳಮೈಗೆ ಅಂಟಿಸಿದ. ಸ್ಕ್ರೂ ಬಿಗಿಯುತ್ತಾ, “ಅಣ್ಣಾ, ಅಟ್ಟದ ಮೇಲಿನ ಡಬ್ಬಿ ಕೊಡ್ರೀ, ಹಳೇ ಪಿಕಪ್ ಇಟ್ಕೊಳ್ಳೋಕ್ಕಾಯ್ತದೆ” ಅಂದ. ಏಣಿ ತರಲು ಅವನನ್ನೇ ಕಳಿಸಿದೆ.